ಅತ್ತೆಯ ಜೊತೆ ದೆವ್ವದ ಸಿನಿಮಾ

ಸ್ನೇಹಿತರೇ, ದೆವ್ವದ ಸಿನಿಮಾಕ್ಕೆ ನಮ್ಮತ್ತೆಯನ್ನು ಮಾತ್ರ ಕರೆದುಕೊಂಡು ಹೋಗಬೇಡಿ. ಇವತ್ತು ಭದ್ರಾವತಿಯಿಂದ ಬಂದಿದ್ದರು, ಶಿವಮೊಗ್ಗದಲ್ಲೇ ಮ್ಯಾಟಿನಿಗೆ ಹೋದೆವು. ನಾಯಕಿಗೆ ದೆವ್ವ ಹಿಡಿದು ಇಡೀ ಥಿಯೇಟರ್ ಉಸಿರು ಬಿಗಿಹಿಡಿದು ಕೂತಿದ್ದರೆ ಇವರದು ದೊಡ್ಡ ದನಿ: "ಒಂದು ಹಿಡಿ ಉಪ್ಪು, ನಾಲ್ಕು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರೆ ಮುಗೀತಿತ್ತು. ಇದಕ್ಕೆ ಇಷ್ಟುದ್ದ ಸಿನಿಮಾನಾ?"

ಮುಂದಿನ ಸೀಟಿನ ದಪ್ಪ ಮೀಸೆಯವರು ತಿರುಗಿ, "ಅಮ್ಮಾ, ಸ್ವಲ್ಪ ಸುಮ್ನಿರ್ತೀರಾ? ನಾವು ಹೆದರ್ಕೊಳ್ಳೋಕೇ ಬಂದಿರೋದು" ಎಂದು ರೇಗಿದರು. ಅವರು ಮತ್ತೆ ಪರದೆಯತ್ತ ತಿರುಗುವುದಕ್ಕೂ ದೆವ್ವ ಎದುರಿಗೆ ಹಾರುವುದಕ್ಕೂ ಸರಿಹೋಯಿತು. ಮೀಸೆಯವರು ಕಿಟಾರನೆ ಕಿರುಚಿದರು!

ಅತ್ತೆ ತಡಮಾಡಲಿಲ್ಲ. ನನ್ನ ಮಸಾಲಾ ಪಾಪ್‌ಕಾರ್ನ್‌ನಿಂದ ಒಂದು ಹಿಡಿ ತೆಗೆದು ಅವರ ತಲೆಗೆ ನಿವಾಳಿಸಿಯೇಬಿಟ್ಟರು. "ಉಪ್ಪೂ ಇದೆ, ಖಾರಾನೂ ಇದೆ. ಹೆದರ್ಬೇಡಪ್ಪ." ಆ ಮನುಷ್ಯ ಕೈಮುಗಿದರು. ಥಿಯೇಟರಿಗೆ ಥಿಯೇಟರೇ ನಕ್ಕಿತು.

ಹೊರಗೆ ಬಂದಮೇಲೆ ಕೇಳಿದೆ, "ಮುಂದಿನ ಸಲ ಲವ್ ಸಿನಿಮಾಗೆ ಹೋಗೋಣ್ವಾ ಅತ್ತೆ?"

"ಅಯ್ಯೋ ಬೇಡ ಮಾರಾಯ್ತಿ! ಅದು ಹಿಡಿದ್ರೆ ಉಪ್ಪು ಮೆಣಸಿನಕಾಯಿಗೆಲ್ಲ ಬಿಡಲ್ಲ. ನನ್ನ ಮಗನಿಗೆ ನಿವಾಳಿಸಿ ನೋಡಿದ್ನಲ್ಲ, ಬಿಡ್ತಾ?"

ಅಂದಹಾಗೆ, ಅವರ ಮಗನಿಗೆ ಹಿಡಿದಿದ್ದು ಈ ಪೋಸ್ಟ್ ಬರೆಯುತ್ತಿರುವವಳೇ.