ಕೊನೆಯ ಆಲ್ಬಮ್ಮಿನ ಎಂಟನೇ ಹಾಡು

ಹೋದ ವರ್ಷ ದಸರಾ ರಜೆಯಲ್ಲಿ ನಡೆದದ್ದು ಇದು. ನಾನು ಮಸ್ಕಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಶಿಕ್ಷಕ. ಹದಿನಾಲ್ಕು ವರ್ಷ ಹೆವಿ ಮೆಟಲ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದವನು ಎಂದರೆ ನಮ್ಮ ಹೆಡ್‌ಮಾಸ್ಟರರು ಇವತ್ತಿಗೂ ನಂಬುವುದಿಲ್ಲ. ಬ್ಯಾಂಡಿನಲ್ಲಿದ್ದವರು ಮೂವರೇ. ಹಟ್ಟಿ ಗಣಿಯಲ್ಲಿ ಕೆಲಸ ಮಾಡುವ ಪ್ರಕಾಶ ಕಿರುಚಿ ಹಾಡುತ್ತಿದ್ದ, ಬೇಸ್ ಗಿಟಾರೂ ಅವನದೇ. ಲಿಂಗಸುಗೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಶಿವು ಡ್ರಮ್ಸ್ ಬಾರಿಸುತ್ತಿದ್ದ. ಪ್ರಕಾಶನ ಪಾಳಿ ನೋಡಿಕೊಂಡು ಆ ಅಂಗಡಿಯ ಹಿಂದೆಯೇ ಪ್ರಾಕ್ಟೀಸ್ ಮಾಡುತ್ತಿದ್ದೆವು.

ಮೂರನೇ ಆಲ್ಬಮ್ಮಿಗಾಗಿ ಸಿಂಧನೂರಿನಲ್ಲಿ ಒಂದು ಸಣ್ಣ ಸ್ಟುಡಿಯೊ ಹಿಡಿದೆವು. ಭಜನೆ, ತತ್ವಪದ ರೆಕಾರ್ಡ್ ಮಾಡುವ ಜಾಗ ಅದು. ಮಾಲೀಕರಾದ ಖಾಸಿಂಸಾಬರು ಅರವತ್ತು ದಾಟಿದ ಡೋಲಕ್ ವಾದಕರು. ಮೊದಲ ದಿನ ಪ್ರಕಾಶ ಕಿರುಚಿದ್ದೇ ತಡ, ನೀರಿನ ಚೊಂಬು ಹಿಡಿದು ಓಡಿಬಂದರು.

"ಏನಾತೋ ತಮ್ಮಾ?"

"ಏನಿಲ್ರಿ ಸಾಬ್ರ, ಇದು ಹಾಡು" ಎಂದ ಪ್ರಕಾಶ.

ನಾಲ್ಕು ದಿನದಲ್ಲಿ ಏಳು ಹಾಡು ಮುಗಿದವು. ಐದನೇ ದಿನ ಎಂಟನೆಯದು ಮಾತ್ರ ಹತೋಟಿಗೆ ಬರಲಿಲ್ಲ. ಹೆಡ್‌ಫೋನಿನಲ್ಲಿ ಬರುವ ಟಿಕ್ ಟಿಕ್ ತಾಳ ಹಿಡಿದು ಶಿವು ಬಾರಿಸಬೇಕು. ಅರ್ಧಕ್ಕೆ ಬರುವಷ್ಟರಲ್ಲಿ ಅವನು ತಾಳಕ್ಕಿಂತ ಮುಂದೆ ಓಡಿರುತ್ತಿದ್ದ. ಹತ್ತಾರು ಸಲ ಹೀಗೇ ಆಯಿತು. ಪ್ರಕಾಶ ಮಧ್ಯಾಹ್ನದ ಪಾಳಿಗೆ ಹಟ್ಟಿ ಮುಟ್ಟಬೇಕಿತ್ತು. ನನಗೆ ಸಿಟ್ಟು ತಡೆಯಲಾಗಲಿಲ್ಲ.

"ಲೇ ಶಿವ್ಯಾ, ಎಷ್ಟು ಸಲ ಹೇಳಬೇಕಲೇ? ಕಿವಿ ಕೇಳಂಗಿಲ್ಲೇನು ನಿನಗ?"

ಶಿವು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಹೂಂ, ಕೇಳಂಗಿಲ್ಲ. ಎಡಗಿವಿ ಪೂರಾ ಹೋಗೈತಿ. ಬಲಗಿವ್ಯಾಗ ಜೋರ್ ಅಂದ್ರ ಅಷ್ಟ ಕೇಳತೈತಿ, ಉಳಿದದ್ದು ಬರೇ ಗುಂಯ್ ಅಂತೈತಿ. ಡ್ರಮ್ ಬಿಡು ಅಂತ ಡಾಕ್ಟ್ರು ಹೇಳ್ಯಾರ."

"ಮತ್ತ ನಮಗ್ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀವು ಈ ಆಲ್ಬಮ್ ಮಾಡಾಕ ಬಿಡ್ತಿರಲಿಲ್ಲ."

ನನಗೆ ಅವನ ಮುಖ ನೋಡಲಾಗಲಿಲ್ಲ. "ಸಾಕು, ಏಳೇ ಹಾಡು ಇರಲಿ" ಎಂದು ಗಿಟಾರಿನ ವೈರ್ ಕಿತ್ತೆ. ಶಿವು ಮಾತ್ರ ಕೂತಲ್ಲಿಂದ ಏಳಲಿಲ್ಲ.

ಗಾಜಿನ ಆಚೆ ಕೂತು ಎಲ್ಲ ಕೇಳಿಸಿಕೊಂಡ ಖಾಸಿಂಸಾಬರು ಹತ್ತಿಯ ಉಂಡೆ ಹಿಡಿದು ಒಳಗೆ ಬಂದರು. "ಎರಡೂ ಕಿವಿಗೆ ಇದನ್ನ ಒತ್ತಿ ಇಟ್ಕೋ. ಹೆಡ್‌ಫೋನ್ ನಾ ಹಾಕ್ಕೋತೀನಿ" ಎಂದು ಶಿವುಗೆ ಸನ್ನೆಯಲ್ಲೂ ತೋರಿಸಿದರು. ಅವನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು ಬೆನ್ನ ಮೇಲೆ ಅಂಗೈ ಇಟ್ಟರು. ನನ್ನ ಕಡೆ ತಿರುಗಿ, "ನಮ್ಮಪ್ಪ ನನಗ ಡೋಲಕ್ ಕಲಿಸಿದ್ದು ಹಿಂಗ, ಮಾಸ್ತರ್ರ. ತಾಳ ಕಿವಿಯಾಗ ಅಷ್ಟ ಇರತೈತೇನು?" ಎಂದರು.

ನಾನು ಗಿಟಾರಿನ ವೈರ್ ಮತ್ತೆ ಸಿಕ್ಕಿಸಿದೆ. ಹಾಡು ಶುರುವಾಯಿತು. ಸಾಬರು ಹೆಡ್‌ಫೋನಿನ ತಾಳ ಕೇಳಿ ಅದನ್ನೇ ಬೆನ್ನ ಮೇಲೆ ತಟ್ಟುತ್ತಾ ಹೋದರು, ಶಿವು ಬಾರಿಸುತ್ತಾ ಹೋದ. ಮೊದಲೆರಡು ಸಲ ತಪ್ಪಿತು. ಮೂರನೇ ಸಲ ಆರು ನಿಮಿಷದ ಹಾಡು ಒಂದೇ ಓಟದಲ್ಲಿ ಮುಗಿಯಿತು. ಸಾಬರ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಶಿವು ತಿರುಗಿ ಅವರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ.

ಆಲ್ಬಮ್ಮನ್ನು ಇಂಟರ್ನೆಟ್ಟಿಗೆ ಹಾಕಿದೆವು. ಕೇಳಿದವರು ಬಹಳ ಇಲ್ಲ. ಬ್ಯಾಂಡ್ ಅಲ್ಲಿಗೆ ಮುಗಿಯಿತು. ಶಿವು ಈಗ ಬಲಗಿವಿಗೆ ಮಷೀನು ಹಾಕಿಕೊಂಡು ಅಂಗಡಿ ನಡೆಸುತ್ತಾನೆ. ನಾನು ತಪ್ಪಾಯಿತು ಎಂದಾಗ ಅವನು, "ನೀ ಬೈದಿದ್ದ ಚಲೋ ಆತು. ಇಲ್ಲಾಂದ್ರ ಕಿವಿ ವಿಷಯ ನನ್ನ ಬಾಯಿಂದ ಬರ್ತಾನ ಇರಲಿಲ್ಲ" ಎಂದು ನಕ್ಕುಬಿಟ್ಟ. ಅವನೇನೋ ನಕ್ಕ. ನನ್ನ ಮಾತು ನನ್ನನ್ನು ಬಿಟ್ಟಿಲ್ಲ.

ಈಗ ತರಗತಿಯಲ್ಲಿ ಯಾರಾದರೂ ಉತ್ತರ ಕೊಡದೆ ಕೂತರೆ ನಾನು ದನಿ ಏರಿಸುವುದಿಲ್ಲ. ಬೋರ್ಡು ಬಿಟ್ಟು ಅವರ ಬೆಂಚಿನ ತನಕ ಹೋಗಿ, ಪಕ್ಕದಲ್ಲಿ ಕೂತು ಇನ್ನೊಮ್ಮೆ ಕೇಳುತ್ತೇನೆ.