ಮುರಿದ ಸೂಜಿಯ ಮೂರನೆಯ ತುಂಡು

2008ರ ಮಾತು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇನ್‌ಚಾರ್ಜ್ ಆಗಿದ್ದೆ. ರಿಟೈರ್ ಆಗಲು ಎರಡೇ ವರ್ಷ ಉಳಿದಿತ್ತು. ಕಾನ್ವೆಂಟಿನ ಸಿಸ್ಟರ್‌ಗಳ ಕೈಕೆಳಗೆ ಓದಿದವಳು ನಾನು. ನೀಟ್‌ನೆಸ್, ಡಿಸಿಪ್ಲಿನ್, ಆನೆಸ್ಟಿ, ಮೂರೂ ನನ್ನಲ್ಲಿವೆ ಎಂಬ ಹೆಮ್ಮೆ ನನಗೆ ಬಹಳ ಇತ್ತು.

ಗಾರ್ಮೆಂಟ್ಸ್‌ನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹೊಲಿಯುವಾಗ ಸೂಜಿ ಮುರಿದರೆ ಅದರ ಎಲ್ಲ ತುಂಡುಗಳನ್ನೂ ಹುಡುಕಿ ತಂದುಕೊಡಬೇಕು. ಅವನ್ನು ಜೋಡಿಸಿ, ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸಿದ ಮೇಲೆಯೇ ಹೊಸ ಸೂಜಿ. ಒಂದು ತುಂಡು ಸಿಗದಿದ್ದರೂ ಅದು ಬಟ್ಟೆಯೊಳಗೇ ಉಳಿದಿರಬಹುದು. ಆಗ ನಾವು ಹೊಲಿಯುತ್ತಿದ್ದುದು ಹಸುಗೂಸುಗಳ ಫ್ರಾಕು. ಆ ರಿಜಿಸ್ಟರ್ ನನ್ನ ಸುಪರ್ದಿಯಲ್ಲಿತ್ತು.

ಅಂದು ಮಾಲು ಕಳಿಸುವ ದಿನ. ಕೊಪ್ಪಳದ ಕಡೆಯ ಶಾಂತವ್ವ ಎಂಬ ಟೈಲರ್ ಮುರಿದ ಸೂಜಿಯ ಮೂರು ತುಂಡುಗಳನ್ನು ಕಾಗದದಲ್ಲಿ ಮಡಚಿ ತಂದುಕೊಟ್ಟಳು. ನಾನು ಫೋನಿನಲ್ಲಿದ್ದೆ. ಎಣಿಸಿ ನೋಡಿ, ಕಾಗದವನ್ನು ಸೀರೆಯ ಮೇಲೆ ಹಾಕುತ್ತಿದ್ದ ಫ್ಯಾಕ್ಟರಿ ಕೋಟಿನ ಜೇಬಿಗೆ ಹಾಕಿಕೊಂಡೆ. ಅಂಟಿಸುವ ಮೊದಲೇ ಅವಳ ಕೈಗೆ ಹೊಸ ಸೂಜಿ ಕೊಟ್ಟು ಕಳಿಸಿಬಿಟ್ಟೆ. ಮಧ್ಯಾಹ್ನ ಅಂಟಿಸಲು ಕೂತರೆ ಜೇಬಿನಲ್ಲಿ ಕಾಗದ ಬಿಚ್ಚಿಕೊಂಡಿತ್ತು. ಎರಡೇ ತುಂಡು ಸಿಕ್ಕವು. ಎರಡನ್ನು ಅಂಟಿಸಿ, ಇನ್ನೊಂದನ್ನು ಆಮೇಲೆ ಹುಡುಕೋಣ ಎಂದು ಎದ್ದೆ. ಅಷ್ಟರಲ್ಲಿ ಮಾಲು ಕೊಳ್ಳುವ ಕಂಪನಿಯವರು ಚೆಕಿಂಗ್‌ಗೆ ಬಂದು ರಿಜಿಸ್ಟರ್ ತೆರೆದೇಬಿಟ್ಟರು.

"ಏನ್ ಮೇಡಂ ಇದು? ತುದಿ ಪೀಸ್ ಎಲ್ಲಿ?" ಮ್ಯಾನೇಜರ್ ಎಲ್ಲರ ಮುಂದೆ ಕೂಗಿದರು.

"ಶಾಂತವ್ವ ಎರಡೇ ಕೊಟ್ಟಿದ್ದು ಸಾರ್."

ಯೋಚಿಸಿ ಹೇಳಿದ ಮಾತಲ್ಲ ಅದು. ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ಶಾಂತವ್ವನನ್ನು ಕರೆಸಿದರು. "ಮೂರೂ ಕೊಟ್ಟೀನ್ರಿ ಸಾರ್. ಮೇಡಂ ಕೈಯಾಗ ಕೊಟ್ಟೀನಿ."

"ಹಂಗಾದ್ರೆ ಮೇಡಂ ಸುಳ್ಳು ಹೇಳ್ತಾರಾ? ಸಂಡೇ ಸ್ಕೂಲ್ ಟೀಚರ್ ಕಣಮ್ಮಾ ಅವ್ರು!" ಎಂದರು ಮ್ಯಾನೇಜರ್.

ಹೊಲಿಗೆ ಮೆಷಿನ್‌ಗಳ ಲೈನಿನಲ್ಲಿ ಯಾರೋ ನಕ್ಕರು. ಶಾಂತವ್ವ ನನ್ನ ಮುಖವನ್ನೇ ನೋಡಿದಳು. ನಾನು ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸತೊಡಗಿದೆ. ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆದರು.

ಮನೆಗೆ ಬಂದು ಕೋಟು ಕೊಡವಿದಾಗ ಜೇಬಿನ ಒಳಗಿನ ಹೊಲಿಗೆಯಲ್ಲಿ ಏನೋ ಚುಚ್ಚಿತು. ಅದೇ ಸೂಜಿಯ ತುದಿ. ಮಾರನೆಯ ದಿನ ಆ ತುಂಡನ್ನು ಕರ್ಚೀಫಿನಲ್ಲಿ ಸುತ್ತಿ ಫ್ಯಾಕ್ಟರಿಗೆ ಒಯ್ದೆ. ಮ್ಯಾನೇಜರ್ ಬಾಗಿಲ ತನಕ ಹೋದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಸಂಜೆ ಅದನ್ನು ಕಸದ ಡಬ್ಬಿಗೆ ಹಾಕಿದೆ.

ಆಮೇಲೆ ನಾನು ತುಂಬಾ ಒಳ್ಳೆಯವಳಾದೆ. ಈಸ್ಟರ್‌ಗೆ ಮುಂಚಿನ ಶ್ರಮದ ಕಾಲದ ನಲವತ್ತು ದಿನವೂ ಉಪವಾಸ ಹಿಡಿದೆ. ಚರ್ಚಿನ ಬಲಿಪೀಠದ ಬಟ್ಟೆಗಳನ್ನು ನಾನೇ ಒಗೆದು ಇಸ್ತ್ರಿ ಮಾಡಿದೆ. ಒಂದು ಭಾನುವಾರವೂ ತಪ್ಪಿಸಲಿಲ್ಲ. ಪಾಪದಿಂದ ರಕ್ಷಣೆ ಸಿಗುವುದು ದೇವರ ಕೃಪೆಯಿಂದ, ನಮ್ಮ ಒಳ್ಳೆಯ ಕೆಲಸಗಳಿಂದಲ್ಲ ಎಂದು ಸಂಡೇ ಸ್ಕೂಲ್ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವಳೂ ನಾನೇ. ಆದರೂ ಒಳಗೊಳಗೇ, ಇಷ್ಟು ಮಾಡಿದರೆ ಸಾಕೇನೋ, ಇನ್ನೊಂದಿಷ್ಟು ಮಾಡಿದರೆ ಸಾಕೇನೋ ಎಂದುಕೊಳ್ಳುತ್ತಿದ್ದೆ.

ಐದು ವರ್ಷದ ಮೇಲೆ, ಚರ್ಚಿನ ಮಹಿಳೆಯರ ಜೊತೆ ಒಂದು ಸರ್ಕಾರಿ ಆಸ್ಪತ್ರೆಗೆ ರೋಗಿಗಳಿಗಾಗಿ ಪ್ರಾರ್ಥಿಸಲು ಹೋಗಿದ್ದೆ. ಕೊನೆಯ ಹಾಸಿಗೆಯಲ್ಲಿದ್ದ ಹೆಂಗಸು ನನ್ನನ್ನೇ ದಿಟ್ಟಿಸಿದಳು.

"ಮೇಡಂ, ಗುರ್ತು ಸಿಗಲಿಲ್ಲೇನ್ರಿ? ನಾನು ಶಾಂತವ್ವ."

ಹೊಟ್ಟೆಯಲ್ಲಿ ಗಡ್ಡೆಯಂತೆ. ಸೂಜಿಯ ದೂರು ಕೇಳಿ ಬೇರೆ ಫ್ಯಾಕ್ಟರಿಗಳಲ್ಲಿ ಸೇರಿಸಿಕೊಳ್ಳದೆ ಅವಳು ಕಟ್ಟಡದ ಕೆಲಸಕ್ಕೆ ಹೋಗಿ ಇಟ್ಟಿಗೆ ಹೊತ್ತಿದ್ದಳು. ಕೈಗಳು ಬರೀ ಮೂಳೆಯಾಗಿದ್ದವು. ಜೊತೆಯವರು ಮುಂದಕ್ಕೆ ಹೋದರು. ನಾನು ಅವಳ ಹಾಸಿಗೆಯ ಪಕ್ಕದಲ್ಲೇ ನಿಂತೆ.

"ಶಾಂತವ್ವ, ಆ ತುಂಡು ನನ್ನ ಕೋಟಿನಲ್ಲೇ ಇತ್ತಮ್ಮಾ. ಅವತ್ತು ಸಂಜೇನೇ ಸಿಕ್ತು. ನಾನು ಹೇಳಲಿಲ್ಲ."

"ನಿಮ್ಮ ಕಡೇನೇ ಇರ್ತೈತಿ ಅಂತ ಗೊತ್ತಿತ್ರಿ. ನಾ ಕೊಟ್ಟೀನಲ್ರಿ!" ಅವಳಿಗೆ ನಗು ಬಂದು, ನಗಲಾಗದೆ ಹೊಟ್ಟೆ ಹಿಡಿದುಕೊಂಡಳು. "ಭಾಳ ಕೆಟ್ಟದ್ ಮಾಡಿದ್ರಿ ಮೇಡಂ. ಒಂದ್ ವರ್ಸ ದಿನಾ ನಿಮಗ ಶಾಪ ಹಾಕೀನಿ. ಆಮ್ಯಾಲ ಬಿಟ್ಟೆ."

"ಯಾಕೆ ಬಿಟ್ಟೆ?"

"ಯಾಕಂತ ಏನ್ ಹೇಳ್ಲಿರಿ? ಬಿಟ್ಟೆ, ಅಷ್ಟ."

ಅಂದರೆ ನಾನು ಉಪವಾಸ ಮಾಡುತ್ತಾ, ಬಟ್ಟೆ ಒಗೆಯುತ್ತಾ ಇದ್ದ ದಿನಗಳಲ್ಲೇ ಆ ಕ್ಷಮೆ ಸಿಕ್ಕಾಗಿತ್ತು. ನಾನು ಕೇಳಿರಲೂ ಇಲ್ಲ.

"ನಿನಗೆ ಏನಾದರೂ ಮಾಡ್ತೀನಿ, ಹೇಳು. ಐ ಬೆಗ್ ಯೂ," ಎಂದೆ. ಅವಳಿಗೆ ಇಂಗ್ಲಿಷ್ ಬಾರದು ಎಂಬುದೂ ಮರೆತಿತ್ತು.

"ಏನೂ ಬ್ಯಾಡ್ರಿ. ನಿಂತಽ ಇದ್ದೀರಲ್ರಿ, ಕುಂದರ್ರಿ." ಕಾಲು ಸರಿಸಿ ಹಾಸಿಗೆಯ ಅಂಚಿನಲ್ಲಿ ಜಾಗ ಮಾಡಿಕೊಟ್ಟಳು. ತಲೆದಿಂಬಿನ ಬಳಿಯಿದ್ದ ಮೋಸಂಬಿ ಸುಲಿದು ಅರ್ಧ ನನ್ನ ಮುಂದೆ ಹಿಡಿದಳು. ಬೇಡವೆಂದೆ. "ಬಂದೋರ್ನ ಹಂಗ ಕಳಸಂಗಿಲ್ರಿ ನಾವು. ತಿನ್ರಿ," ಎಂದು ಗದರಿದಳು. ತಿಂದೆ.

ಮುಂದಿನ ವಾರ ದೊಡ್ಡ ಡಾಕ್ಟರೊಬ್ಬರ ಚೀಟಿ ಹಿಡಿದು ಓಡಿದೆ. ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಶಾಂತವ್ವ ಮಂಗಳವಾರ ತೀರಿಕೊಂಡಳೆಂದು ನರ್ಸ್ ಹೇಳಿದರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತೇ ಇದ್ದೆ. ಮಾಡಿದ ತಪ್ಪಿನ ಲೆಕ್ಕ ಸಮ ಮಾಡಿಕೊಳ್ಳಲು ಇನ್ನು ದಾರಿಯೇ ಇರಲಿಲ್ಲ.

ಆ ಭಾನುವಾರ ಚರ್ಚಿನ ಮಹಿಳೆಯರ ಮುಂದೆ ಎಲ್ಲವನ್ನೂ ಹೇಳಿದೆ. "ಅಯ್ಯೋ ಬಿಡಿ ಆಂಟಿ, ಚರ್ಚಿಗೆ ನೀವು ಎಷ್ಟೊಂದು ಮಾಡಿದ್ದೀರಿ. ಯೂ ಆರ್ ಎ ಗುಡ್ ಸೋಲ್," ಎಂದು ಬೆನ್ನು ತಟ್ಟಿದರು. ಫ್ಯಾಕ್ಟರಿಗೂ ಹೋದೆ. ಆ ಮ್ಯಾನೇಜರ್ ಬಿಟ್ಟುಹೋಗಿದ್ದರು. ಕೇಳುವವರು ಯಾರೂ ಇರಲಿಲ್ಲ.

ಈಗ ವಯಸ್ಸು ಎಪ್ಪತ್ತು ದಾಟಿದೆ. ಕೃಪೆ ಎಂಬುದು ಹಗುರವಾದದ್ದು, ಸಮಾಧಾನ ಕೊಡುವಂಥದ್ದು ಎಂದುಕೊಂಡಿದ್ದೆ. ನನಗೆ ಅದು ಇವತ್ತಿಗೂ ಭಾರ. ಎಲ್ಲರೂ ನಾನು ಒಳ್ಳೆಯವಳು, ಅದಕ್ಕೇ ಚಿಂತೆಯಿಲ್ಲ ಎಂದರು. ಶಾಂತವ್ವ ಒಬ್ಬಳೇ ಹಾಗೆ ಹೇಳಲಿಲ್ಲ. ಕೆಟ್ಟದ್ದು ಮಾಡಿದಿರಿ ಎಂದಳು, ಹಾಗೆಂದ ಮೇಲೂ ತನ್ನ ಹಾಸಿಗೆಯಲ್ಲಿ ನನಗೆ ಜಾಗ ಮಾಡಿಕೊಟ್ಟಳು.