ಮಾಲೀಕ ಅಲ್ಲೇ ವಾಸವಿರಬೇಕು

ಶಿರಹಟ್ಟಿಯಲ್ಲಿ ನನ್ನ ಝೆರಾಕ್ಸ್ ಅಂಗಡಿಗೆ ಹೊಂದಿಕೊಂಡೇ ಯಮನೂರಸಾಬನ ಗಾದಿ ಅಂಗಡಿ ಇದೆ. ಅರಳೆ ಹಿಂಜಿ, ಗಾದಿ ತುಂಬಿ, ದಪ್ಪ ದಾರದಿಂದ ಹೊಲಿಯುವುದು ಅವನ ಮನೆತನದ ಕೆಲಸ. ಸುತ್ತಿನ ಊರುಗಳ ಎಷ್ಟೋ ಮದುಮಕ್ಕಳು ಅವನು ಹೊಲಿದ ಗಾದಿಯ ಮೇಲೆ ಮಲಗಿದ್ದಾರೆ. ಅವನು ಮಾತ್ರ ಹೋದ ಮಳೆಗಾಲದಿಂದ ಅಂಗಡಿಯಲ್ಲೇ ಅರಳೆ ಚೀಲಗಳ ನಡುವೆ ಬಿದ್ದುಕೊಳ್ಳುತ್ತಿದ್ದ.

ಹಾಗಂತ ಮನೆ ಇರಲಿಲ್ಲವೆಂದಲ್ಲ. ಇಲ್ಲಿಗೆ ಹತ್ತಿರದ ಮಾಗಡಿಯಲ್ಲಿ, ಕೆರೆಯ ಪಕ್ಕದಲ್ಲೇ ಅವನದೊಂದು ಒಳ್ಳೆಯ ಮನೆಯಿದೆ. ಚಳಿಗಾಲದಲ್ಲಿ ಆ ಕೆರೆಗೆ ಪರದೇಶದ ಹೆಬ್ಬಾತುಗಳು ಬರುತ್ತವೆ, ಅವುಗಳ ಹಿಂದೆ ಉದ್ದುದ್ದ ಕ್ಯಾಮೆರಾದವರು ಬರುತ್ತಾರೆ. ಅವರಿಗೆ ಇಳಿದುಕೊಳ್ಳಲು ಊರಲ್ಲಿ ಜಾಗವಿಲ್ಲವೆಂದು ಎರಡು ಕೋಣೆ ಕಟ್ಟಿಸಿ ಹೋಂಸ್ಟೇ ಶುರು ಮಾಡಿದವಳು ಅವನ ಹೆಂಡತಿ ರೋಶನಬಿ. ಒಂದು ಚಳಿಗಾಲ ಚೆನ್ನಾಗಿ ನಡೆಸಿದಳು. ಮಳೆ ಹಿಡಿಯುವ ಹೊತ್ತಿಗೆ ಕಾಮಾಲೆ ಬಂತು, ಹೋಗಿಬಿಟ್ಟಳು. ಅವರಿಗೆ ಮಕ್ಕಳಿಲ್ಲ. ಮಣ್ಣು ಮಾಡುವಾಗಲೂ ಯಮನೂರಸಾಬ ಅಳಲಿಲ್ಲ. ಆಮೇಲೆ ಮಾತಾಡಿಸಿದರೆ ಮಾತಾಡುತ್ತಿದ್ದ, ಯಾರಾದರೂ ಬಡಿಸಿದರೆ ಉಣ್ಣುತ್ತಿದ್ದ, ಅಷ್ಟೇ.

ಚಳಿಗಾಲ ಬಂದ ಕೂಡಲೇ ಅತಿಥಿಗಳೂ ಬಂದರು. ಪಕ್ಕದ ಮನೆಯ ಶಾರದವ್ವ ಬೀಗ ತೆಗೆದುಕೊಟ್ಟು ಅವರಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ಬೀಗರು ಬಂದಾಗ ಮನೆ ಬಿಟ್ಟುಕೊಟ್ಟು ಅಟ್ಟದ ಮೇಲೋ ಪಕ್ಕದ ಮನೆಯಲ್ಲೋ ಮಲಗುವುದು ನಮ್ಮ ಕಡೆ ವಾಡಿಕೆ. ಯಮನೂರಸಾಬನೂ ಹಾಗೇ ಅತಿಥಿಗಳಿಗಾಗಿ ಮನೆ ಬಿಟ್ಟಿದ್ದಾನೆಂದು ಊರವರು ಹೊಗಳಿದರು. ಮಳೆಗಾಲದಿಂದಲೇ ಅವನನ್ನು ಅಂಗಡಿಯಲ್ಲಿ ಕಂಡಿದ್ದ ನಾನೂ ಹಾಗೇ ನಂಬಿಬಿಟ್ಟಿದ್ದೆ.

ಹೋಂಸ್ಟೇ ನೋಂದಣಿ ರೋಶನಬಿಯ ಹೆಸರಲ್ಲಿತ್ತು. ಅದನ್ನು ಅವನ ಹೆಸರಿಗೆ ಮಾಡಿಸುವ ಓಡಾಟ ನನ್ನ ಪಾಲಿಗೆ ಬಂತು. ಪಂಚಾಯತಿಯ ಒಪ್ಪಿಗೆ, ಪೊಲೀಸ್ ಠಾಣೆಯ ಪತ್ರ, ಬೆಂಕಿ ಆರಿಸುವ ಸಿಲಿಂಡರು, ಬಂದವರ ಆಧಾರ್ ನಕಲು, ಎಲ್ಲವನ್ನೂ ಹೊಂದಿಸಿದೆ. ಉಳಿದದ್ದು ಒಂದೇ ನಿಯಮ: ಮನೆಯ ಮಾಲೀಕ ಅದೇ ಮನೆಯಲ್ಲಿ ವಾಸವಿರಬೇಕು. ಸಾಯಂಕಾಲ ಅವನಿಗೆ ಓದಿ ಹೇಳಿದೆ. ಅವನು ಸೂಜಿಗೆ ದಾರ ಪೋಣಿಸುತ್ತಲೇ ಇದ್ದ.

"ಇಲ್ಲಂದ್ರ ಏನ ಮಾಡ್ತಾರ?" ಎಂದ.

"ಏನ ಮಾಡ್ತಾರ, ಬಂದ್ ಮಾಡಸ್ತಾರ. ರೋಶನಬಿ ವೈನಿ ಮಾಡಿದ್ದೆಲ್ಲಾ ಮುಗೀತು ಅಂತ ತಿಳಕೋ."

ಅವನು ದಾರಕ್ಕೆ ಗಂಟು ಹಾಕಿ ಗಾದಿ ಹೊಲಿಯತೊಡಗಿದ. ಅದನ್ನು ನೋಡಿ ನನ್ನ ಮೈ ಉರಿಯಿತು.

ಗದಗಿನಿಂದ ಪರಿಶೀಲನೆಗೆ ಅಂಕಿತಾ ಎಂಬ ಅಧಿಕಾರಿ ಬಂದರು. ಅಷ್ಟರಲ್ಲಿ ನಾನೂ ಶಾರದವ್ವನೂ ಸೇರಿ ಒಳಕೋಣೆಯಲ್ಲಿ ಅವನ ಸಂಸಾರ ಹೂಡಿದ್ದೆವು. ಗೂಟಕ್ಕೆ ಅಂಗಿ, ಹಗ್ಗದ ಮೇಲೆ ಲುಂಗಿ, ಮಂಚದ ಪಕ್ಕ ತಂಬಿಗೆ. ನಾಟಕದವರೂ ಅಷ್ಟು ಚಂದ ಜೋಡಿಸಲಾರರು. ಅಧಿಕಾರಿ ಎಲ್ಲ ನೋಡಿ ಯಮನೂರಸಾಬನನ್ನು ಕೇಳಿದರು, "ದಿನಾ ಇಲ್ಲೇ ಮಲಗ್ತೀರೇನ್ರಿ?"

"ಹೂಂರಿ, ಮತ್ತೆಲ್ಲಿ ಮಲಗ್ತಾರ" ಎಂದಳು ಶಾರದವ್ವ.

"ಇಲ್ರಿ" ಎಂದ ಯಮನೂರಸಾಬ. "ಅಕಿ ಹೋದಮ್ಯಾಲೆ ನಾ ಇಲ್ಲಿ ಮಲಗಿಲ್ಲ."

"ಯಾಕ್ರಿ?"

"ಗೊತ್ತಿಲ್ರಿ."

ಅಂಕಿತಾ ಕೈಯಲ್ಲಿದ್ದ ಕಡತ ಮುಚ್ಚಿದರು. ಆಮೇಲೆ ಮೆತ್ತಗೆ ಹೇಳಿದರು, "ಮನಿಯವರು ಇರಲಿಲ್ಲಂದ್ರ ಇದು ಹೋಂಸ್ಟೇ ಆಗಂಗಿಲ್ರಿ, ಲಾಡ್ಜ್ ಆಕ್ಕೈತಿ. ಬಂದವ್ರಿಗೆ ಏನರ ಆದ್ರ ಅವರು ಯಾರನ್ನ ಕರೀಬೇಕು? ಇರ್ತೀನಂದ್ರ ಇರ್ರಿ, ಇಲ್ಲಾಂದ್ರ ಬಂದ್ ಮಾಡ್ರಿ. ನಾ ಮತ್ತೊಮ್ಮೆ ಬರ್ತೀನಿ."

ಅವರ ಜೀಪು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. "ಒಂದು ಹೂಂ ಅನ್ನಾಕ ನಿನ್ನ ಗಂಟೇನ ಹೋಗತಿತ್ತಲೇ?"

"ಅಕಿ ಮಾಡಿದ್ದನ್ನ ಸುಳ್ಳ ಹೇಳಿ ನಡಸಾಕ ಆಗಂಗಿಲ್ಲೋ ಕೊಟ್ರೇಶ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ನನಗೆ ಅದಕ್ಕೇ ಹೆದರಿಕೆಯಾಯಿತು.

ಮುಂದೆ ಒಂದು ದಿನ ಅವನು ಅಂಗಡಿಯಲ್ಲಿದ್ದ ತನ್ನ ಹಾಸಿಗೆ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಮಾಗಡಿಗೆ ಹೋದ. ಯಾರಿಗೂ ಹೇಳಿರಲಿಲ್ಲ. ಮರುದಿನ ಬೆಳಿಗ್ಗೆ ತಡೆಯಲಾಗದೆ ನಾನೂ ಅಲ್ಲಿಗೆ ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಹುಬ್ಬಳ್ಳಿಯ ವಯಸ್ಸಾದ ದಂಪತಿ ಕೆರೆ ನೋಡಿ ಬಂದು ಕುಳಿತಿದ್ದರು. ಹಿಂದಿನ ಸಂಜೆ ಬಂದಿಳಿದವರು, ಮನೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಯಮನೂರಸಾಬ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದ. ಆ ಅಡುಗೆಮನೆಯಲ್ಲಿ ಅವನು ಎಂದೂ ಒಲೆ ಹಚ್ಚಿದವನಲ್ಲ. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದ. ಜೀರಿಗೆ, ಸಾಸಿವೆ, ಕಡಲೆ ಹಿಟ್ಟು. ಹಾಲು ಉಕ್ಕಲು ಬಂತು. ಅವನು ಹಿತ್ತಲ ಕಡೆ ಮುಖ ಮಾಡಿ ಕೂಗಿದ.

"ರೋಶನಿ, ಸಕ್ರಿ ಡಬ್ಬಿ ಎಲ್ಲಿಟ್ಟೀ?"

ಕಟ್ಟೆಯ ಮೇಲಿದ್ದ ಆ ಹೆಂಗಸು ಅಲ್ಲಿಂದಲೇ ಹೇಳಿದರು, "ಇರ್ಲಿ ಬಿಡ್ರಿ ಸಾಬರ, ಅವರನ್ಯಾಕ ತ್ರಾಸ ಮಾಡ್ತೀರಿ. ನಾವು ಸಕ್ರಿ ಇಲ್ದನ ಕುಡೀತೀವಿ."

ಯಮನೂರಸಾಬ ಅಲ್ಲೇ ಕುಸಿದು ಕುಳಿತ. ಆಮೇಲೆ ಅತ್ತ, ಸಣ್ಣ ಹುಡುಗರು ಅಳುವ ಹಾಗೆ, ದನಿ ತೆಗೆದು. ಇವನು ಅಳಲಿ ಎಂದು ಇಷ್ಟು ದಿನ ಕಾದಿದ್ದ ನನಗೆ ಅದನ್ನು ನೋಡಲಾಗಲಿಲ್ಲ. ಒಲೆ ಆರಿಸಿ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತೆ. ಹುಬ್ಬಳ್ಳಿಯವರು ಗಾಬರಿಯಾಗಿ ಬಾಗಿಲಿಗೆ ಬಂದರು. ಅವರಿಗೆ ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅವನೇ ಮುಖ ಒರೆಸಿಕೊಂಡು ಎದ್ದ.

"ಅಕಿ ಇಲ್ರಿ" ಎಂದ. "ಈ ಮನ್ಯಾಗ ನಾನೊಬ್ನ ಇರ್ತೀನಿ."